ಬಾರ್ವೆಲ್ ದೊರೆಯ ಮೂರನೆಯ ಒಗಟು

"ಕೇಳಿರಪ್ಪೋ ಕೇಳಿ! ಬಾರ್ವೆಲ್ ದೊರೆಗಳ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ದೊರೆಗಳ ಕುರ್ಚಿ, ಮೂರು ಹಡಗು! ಒಂದು ತಪ್ಪಿದರೂ ಹುಟ್ಟುಗೋಲಿಲ್ಲದ ದೋಣಿಯಲ್ಲಿ ಕೂರಿಸಿ ನಡುಗಡಲಿಗೆ!"

ಹೀಗೆ ಡಂಗುರ ಸಾರಿದ್ದು ಫ್ರೆಂಚರ ಬಾವುಟ ಹಾರುತ್ತಿದ್ದ ಒಂದು ದ್ವೀಪದಲ್ಲಿ. ಬಾರ್ವೆಲ್ ಏನು ಅರಮನೆಯಲ್ಲಿ ಹುಟ್ಟಿದವನಲ್ಲ. ಒಣಮೀನು ಮಾರಿ, ಸಕ್ಕರೆ ಸಾಗಿಸಿ, ಹಡಗು ಕೊಂಡು, ಚುನಾವಣೆ ಗೆದ್ದು, ದ್ವೀಪದ ಪರವಾಗಿ ಪ್ಯಾರಿಸ್ಸಿನ ಶಾಸನಸಭೆಯಲ್ಲಿ ಕೂತವನು. ಜನ ದೊರೆ ಅಂದರು, ಅವನೂ ಬೇಡ ಅನ್ನಲಿಲ್ಲ. ಯಾರು ತಾನೆ ಅಂತಾರೆ ಹೇಳಿ! ಆದರೆ ಕೆಲವು ವರ್ಷಗಳಿಂದ ಅವನ ಗಂಟಲಲ್ಲಿ ಏನೋ ಒಂದು ಸಿಕ್ಕಿಕೊಂಡಿತ್ತು. ಉಗುಳಲಾರ, ನುಂಗಲಾರ. ಅದಕ್ಕೇ ಈ ಒಗಟು.

ಮೊದಲನೆಯದನ್ನು ತುಂಬಿದ ಸಭೆಯಲ್ಲಿ ಅವನೇ ಕೇಳಿದ: "ನನ್ನ ತಲೆಯಿಂದ ಇಳಿದಷ್ಟೂ ನನ್ನನ್ನು ಮೇಲಕ್ಕೇರಿಸಿದ್ದು ಯಾವುದು?"

ಸಕ್ಕರೆ ಗಿರಣಿಯ ಯಜಮಾನ ತನ್ನ ಬೋಳುತಲೆ ಸವರಿಕೊಂಡು, "ಕೂದಲು, ದೊರೆ! ಉದುರಿದಷ್ಟೂ ಮರ್ಯಾದೆ ಜಾಸ್ತಿ," ಅಂದ.

"ನನ್ನದು ಉದುರಿದೆಯೇನಯ್ಯಾ?"

ವಕೀಲನೊಬ್ಬ ಮೀಸೆ ತಿರುವಿ, "ಜಂಬ," ಅಂದ.

"ಅದು ಇಳಿದದ್ದು ಯಾವಾಗ?" ಅಂದ ಬಾರ್ವೆಲ್. ಸಭೆ ಗೊಳ್ಳೆಂದಿತು. ಇಬ್ಬರನ್ನೂ ಉಪ್ಪಿನ ಗೋದಾಮಿಗೆ ದಬ್ಬಿದರು. ಹೀಗೆ ಹನ್ನೊಂದು ಮಂದಿ ಒಳಗಾದರು. ಶನಿವಾರ ದೋಣಿ ಹೊರಡಬೇಕು.

ಶುಕ್ರವಾರ ಬಂದವನು ಇಸಿದೋರ, ಕೇದಗೆ ಗರಿಯ ಟೋಪಿ, ಬುಟ್ಟಿ, ಸಿಂಬಿ ಹೆಣೆದು ಮಾರುವ ಬಡವ. ಕಾಲಲ್ಲಿ ಜೋಡಿಲ್ಲ.

"ಟೋಪಿ, ದೊರೆಗಳೇ," ಅಂದ. "ತಾವು ಮನೆಮನೆಯ ಮುಂದೆ ಟೋಪಿ ತೆಗೆದು ಕೈಮುಗಿದಿರಿ, ಜನ ವೋಟು ಹಾಕಿದರು."

ಬಾರ್ವೆಲ್ ನೆಟ್ಟಗೆ ಕೂತ. "ಕಿರೀಟದ ಜಾಗದಲ್ಲಿ ಕೂರುತ್ತೆ, ಕಿರೀಟವಲ್ಲ. ನನ್ನ ಮೂರು ಹಡಗಿಗಿಂತ ಹೆಚ್ಚು ಹೊತ್ತಿದೆ. ಯಾವುದು?"

"ಮೀನು ಮಾರುವ ಹೆಂಗಸರ ಸಿಂಬಿ. ನಾನೇ ಹೆಣೆಯೋದು. ತಲೆಗೂ ಬುಟ್ಟಿಗೂ ನಡುವೆ ಇಡೋದು, ಭಾರವೆಲ್ಲ ಅದರ ಮೇಲೆ. ಅಂಥ ಒಂದು ಸಿಂಬಿ ತಮ್ಮನ್ನು ಸಾಕಿ ದೊಡ್ಡವರನ್ನು ಮಾಡಿತು."

ಬಾರ್ವೆಲನ ದನಿ ಇಳಿಯಿತು. "ಬೇಡಿದ್ದು ದುಡ್ಡಲ್ಲ, ಅನ್ನವಲ್ಲ. ಈ ದ್ವೀಪದಲ್ಲಿ ಯಾರು ಕೇಳಿದರೂ, ಶತ್ರುವೇ ಕೇಳಿದರೂ, ಇಲ್ಲ ಅನ್ನಬಾರದು. ನಾನು ಇಲ್ಲ ಅಂದೆ. ಏನದು?"

ಇಸಿದೋರ ತಲೆ ತಗ್ಗಿಸಿದ. ಅಲ್ಲಿದ್ದ ಎಷ್ಟೋ ಜನಕ್ಕೆ ಉತ್ತರ ಗೊತ್ತಿತ್ತು, ಬಾಯಿಗೆ ಬೀಗ ಹಾಕಿಕೊಂಡಿದ್ದರು ಅಷ್ಟೆ.

"ಬುಟ್ಟಿಗೆ ಕೈ ಹಚ್ಚೋದು, ದೊರೆಗಳೇ. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿಕೊಳ್ಳೋಕೆ ಆಗಲ್ಲ. ಹತ್ತಿರ ಇದ್ದವರು ಎತ್ತಿಕೊಡಬೇಕು, ಅದು ಇಲ್ಲಿಯ ಪದ್ಧತಿ. ತಾವು ಪ್ಯಾರಿಸ್ಸಿನ ಅಧಿಕಾರಿಗಳ ಜೊತೆ ಹಡಗಿನಿಂದ ಇಳಿದ ದಿನ ಯೂಲಾಲಜ್ಜಿ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ತಮ್ಮನ್ನೇ ಕರೆದು, 'ಒಂದು ಕೈ ಹಚ್ಚಪ್ಪಾ' ಅಂದಳು. ತಾವು, 'ಯಾರಮ್ಮಾ ನೀನು? ಕೋಟಿಗೆ ಮೀನಿನ ನೀರು ತಾಗುತ್ತೆ, ದೂರ ನಿಲ್ಲು' ಅಂದಿರಿ. ಹೆತ್ತ ತಾಯಿಗೆ."

ಇಸಿದೋರ ಸುತ್ತ ನೆರೆದವರತ್ತ ಕೈ ತೋರಿಸಿದ.

"ಅಧಿಕಾರಿಗಳು ನಕ್ಕರು. ಅವರು ನಕ್ಕರಲ್ಲಾ ಅಂತ ನಾವೂ ನಕ್ಕೆವು. ನಾನೂ ನಕ್ಕೆ, ದೊರೆಗಳೇ. ಅವತ್ತಿಂದ ದಿನಾ ಅವಳ ಬುಟ್ಟಿ ನಾನೇ ಎತ್ತಿಕೊಡ್ತೀನಿ. ಆದರೂ ಅವಳ ಮುಖ ನೋಡೋಕೆ ನಾಚಿಕೆ ಆಗುತ್ತೆ. ತಪ್ಪಿದ್ದರೆ ನನ್ನನ್ನೂ ದೋಣಿಗೆ ಹಾಕಿ."

ಬಾರ್ವೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಸರಿಯಾಗಿದೆ," ಅಂದ. "ಕುರ್ಚಿ ನಿನ್ನದು, ಹಡಗು ನಿನ್ನದು."

"ಅಷ್ಟೆಲ್ಲ ನನಗ್ಯಾಕೆ? ಹನ್ನೊಂದು ಜನರನ್ನು ಬಿಡಿ. ಆ ದೋಣಿ ಕೊಡಿ ಸಾಕು, ಹುಟ್ಟುಗೋಲು ನಾನೇ ಮಾಡಿಕೊಳ್ತೀನಿ. ನಾಳೆ ಬೆಳಗ್ಗೆ ತಾವು ಮೀನುಕಟ್ಟೆಗೆ ಬನ್ನಿ."

ದೋಣಿ ಇಸಿದೋರನ ಪಾಲಾಯಿತು, ಗೋದಾಮಿನ ಬಾಗಿಲು ತೆರೆಯಿತು. ಮಾರನೆಯ ಬೆಳಗ್ಗೆ ಬಾರ್ವೆಲ್ ಟೋಪಿ ಕೈಯಲ್ಲಿ ಹಿಡಿದು ಕಟ್ಟೆಗೆ ಬಂದ. ಊರೆಲ್ಲ ನೆರೆದಿತ್ತು. ಯೂಲಾಲಜ್ಜಿ ಬುಟ್ಟಿ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, "ಇಸಿದೋರಾ, ಒಂದು ಕೈ ಹಚ್ಚಪ್ಪಾ," ಅಂತ ಕೂಗಿದಳು. ಇಸಿದೋರ ಜಾಗ ಬಿಟ್ಟು ನಿಂತ. ಬಾರ್ವೆಲ್ ಬಗ್ಗಿದ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪಾ ನೀನು? ಕೋಟಿಗೆ ಮೀನಿನ ನೀರು ತಾಗುತ್ತೆ, ದೂರ ನಿಲ್ಲು."

ಅವಳೂ ಅದನ್ನು ಮರೆತಿರಲಿಲ್ಲ, ನೋಡಿ. ಬಾರ್ವೆಲ್ ಕೋಟು ಬಿಚ್ಚಿ ನೆಲಕ್ಕೆ ಹಾಕಿದ. "ನಿನ್ನ ಮಗ ಕಣಮ್ಮಾ," ಅಂದ.

ಮುದುಕಿ ತನ್ನ ತಲೆಯ ಸಿಂಬಿ ತೆಗೆದು ಅವನ ತಲೆಯ ಮೇಲಿಟ್ಟಳು.

"ಹಂಗಾದ್ರೆ ನೀನೇ ಹೊರು," ಅಂದಳು. "ಇಸಿದೋರಾ, ನನ್ನ ಮಗನಿಗೆ ಒಂದು ಕೈ ಹಚ್ಚಪ್ಪಾ."

ಇಸಿದೋರ ಎತ್ತಿಕೊಟ್ಟ. ಅಜ್ಜಿ, "ಮೀನು ಬೇಕೇನ್ರಮ್ಮಾ, ಮೀನು!" ಅಂತ ಕೂಗುತ್ತಾ ಮುಂದೆ ನಡೆದಳು. ಹಿಂದೆ ಬಾರ್ವೆಲ್. ಮೀನಿನ ನೀರು ಅವನ ಕತ್ತಿನ ಮೇಲೆ ಇಳಿಯುತ್ತಿತ್ತು. ದಾರಿಯ ಎರಡೂ ಕಡೆ ಜನ ಟೋಪಿ ತೆಗೆದು ನಿಂತಿದ್ದರು. ಅವತ್ತು ನಕ್ಕವರೇ ಎಲ್ಲ. ಒಬ್ಬರೂ ತಲೆ ಎತ್ತಲಿಲ್ಲ.