ಹಾಡದೆ ಕೂತ ಹಸಿರು ಗುಡ್ಡ

ಹತ್ತಿರ ಬನ್ರಿ ಮಕ್ಕಳಾ. ಇನ್ನೂ ಹತ್ತಿರ. ಹರೆಯದಲ್ಲಿ ನಾನು ಹೊಳೆಯ ಈ ದಡದಲ್ಲಿ ನಿಂತು ಕೂಗಿದರೆ ಆ ದಡದ ಎಮ್ಮೆ ಈಜಿಕೊಂಡು ಬರುತ್ತಿತ್ತು. ಬಂದು, ಯಾಕೆ ಕರೆದೆ ಅಂತ ಕೇಳುತ್ತಿತ್ತು. ನನಗೆ ಅಕ್ಷರ ಬರಲ್ಲ. ಎಮ್ಮೆಯ ಮಾತು ಬರುತ್ತೆ. ಯಂತ್ರದ ಮಾತೂ ಬರುತ್ತೆ. ಅದಕ್ಕೇ ಈ ಕತೆ ನನಗೊಬ್ಬನಿಗೇ ಗೊತ್ತು.

ಕೊಟ್ರಿ ಅಂತ ಒಬ್ಬ ಪುಟ್ಟ ಹುಡುಗಿ. ಅವಳ ಅವ್ವ ಹೆರಿಗೆಗೆ ತವರಿಗೆ ಹೋದಳು. ಆ ಊರಲ್ಲಿ ಫೋನೂ ಹತ್ತಲ್ಲ. ಹೋಗೋ ಮುಂಚೆ ಅವ್ವ ಮಾರ್ತಾಂಡಪ್ಪನ ಅಂಗಡಿಗೆ ಹೋಗಿ, ಮೈಕಿನ ಮುಂದೆ ಕೂತು, ಒಂದು ಜೋಗುಳ ಹಾಡಿಟ್ಟಳು.

ಮಾರ್ತಾಂಡಪ್ಪ ಯಾರು ಗೊತ್ತಾ? ಆಟೋದಲ್ಲಿ 'ಈರುಳ್ಳಿ, ಈರುಳ್ಳಿ' ಅಂತ ಕೂಗುತ್ತಲ್ಲ, ಆ ಕೂಗನ್ನ ಕಂಪ್ಯೂಟರಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ಕೊಡೋನು. ಜೋಗುಳದ ಕೊನೆಗೆ ಅವ್ವ ಕೆಮ್ಮಿದ್ದಳು. ಅದನ್ನ ಕತ್ತರಿಸಿ ಹಾಕ್ತೀನಿ ಅಂದಿದ್ದ. ಬೇಡ ಮಾವ, ಅದೂ ಅವ್ವನೇ, ಅಂದಿದ್ದಳು ಕೊಟ್ರಿ.

ದಿನಾ ಸಂಜೆ ಹೋಗೋಳು. ಜೋಗುಳ ಕೇಳೋಳು. ಮನೆಗೆ ಬಂದು ಮಲಗೋಳು.

ಆಯುಧಪೂಜೆ ಬಂತು. ಅಂಗಡಿಯ ಯಂತ್ರಕ್ಕೆಲ್ಲ ಕುಂಕುಮ. ಯಂತ್ರಕ್ಕೆಲ್ಲ ಸೇವಂತಿಗೆ. ಹಬ್ಬ ಮುಗೀತು. ಕೊಟ್ರಿ ಹೋದಳು.

ಜೋಗುಳ ಇಲ್ಲ.

ಕಂಪ್ಯೂಟರಿನ ಪರದೆ ಮೇಲೆ ಅವ್ವನ ದನಿ ಹಸಿರು ಗುಡ್ಡದ ಹಾಗೆ ಕಾಣುತ್ತೆ. ಜೋರು ದನಿಗೆ ಎತ್ತರದ ಗುಡ್ಡ. ಮೆಲುದನಿಗೆ ಸಣ್ಣ ಗುಡ್ಡ. ಗುಡ್ಡ ಎಲ್ಲಾ ಇದ್ದವು. ಸದ್ದಿಲ್ಲ. ಮಾರ್ತಾಂಡಪ್ಪ ಆರಿಸಿ ಹಚ್ಚಿದ. ಮತ್ತೆ ಆರಿಸಿ ಮತ್ತೆ ಹಚ್ಚಿದ. ಸದ್ದಿನ ಗುಂಡಿಯನ್ನ ಕೊನೆತನಕ ತಿರುವಿದ. ಯಂತ್ರದ ಬೆನ್ನಿಗೊಂದು ಬಡಿದ. ಸದ್ದು ಹಬ್ಬಕ್ಕೆ ಊರಿಗೆ ಹೋಗೈತೆ ಕಣವ್ವ ಅಂದು ಎದುರಂಗಡಿಗೆ ಚಾ ಕುಡಿಯೋಕೆ ಹೋದ.

ಕೊಟ್ರಿ ಪರದೆ ಮೇಲೆ ಕೈಯಿಟ್ಟಳು. ಗಾಜು ತಣ್ಣಗಿತ್ತು. ಅವ್ವ ಕಾಣ್ತಾಳೆ. ಅವ್ವ ಕೇಳಿಸಲ್ಲ.

"ಗುಡ್ಡ, ಗುಡ್ಡ. ಅವ್ವನ ಜೋಗುಳ ನನಗಿಲ್ಲ. ಹಾಡು."

ಹಾಡಲ್ಲ, ಅಂತು ಗುಡ್ಡ. ಸ್ಪೀಕರ್ ಬಾಯಿ ಬಿಟ್ಟರೆ ತಾನೇ ಹಾಡೋದು?

ಕೊಟ್ರಿ ಸ್ಪೀಕರ್ ಹತ್ತಿರ ಹೋದಳು.

"ಸ್ಪೀಕರಣ್ಣ, ಸ್ಪೀಕರಣ್ಣ. ಗುಡ್ಡ ಹಾಡಲ್ಲ. ಅವ್ವನ ಜೋಗುಳ ನನಗಿಲ್ಲ. ಬಾಯಿ ಬಿಡು."

ಬಿಡಲ್ಲ, ಅಂತು ಸ್ಪೀಕರ್. ವಯರು ತುತ್ತು ತಂದರೆ ತಾನೇ ಬಾಯಿ ಬಿಡೋದು?

ಕೊಟ್ರಿ ವಯರಿನ ಹತ್ತಿರ ಹೋದಳು. ಆ ವಯರು ಎಷ್ಟುದ್ದ ಅಂತೀರಿ? ಬಿಚ್ಚಿ ಎಳೆದರೆ ಹಂಪಿ ಸುತ್ತಿ ವಾಪಸ್ ಬರುತ್ತಿತ್ತು.

"ವಯರಕ್ಕ, ವಯರಕ್ಕ. ಸ್ಪೀಕರ್ ಬಾಯಿ ಬಿಡಲ್ಲ. ಗುಡ್ಡ ಹಾಡಲ್ಲ. ಅವ್ವನ ಜೋಗುಳ ನನಗಿಲ್ಲ. ಸದ್ದು ತಾ."

ತರಲ್ಲ, ಅಂತು ವಯರು. ಪೆಟ್ಟಿಗೆ ಕೊಟ್ಟರೆ ತಾನೇ ತರೋದು?

ಕೊಟ್ರಿ ಕಂಪ್ಯೂಟರ್ ಪೆಟ್ಟಿಗೆಯ ಹತ್ತಿರ ಹೋದಳು. ಅದು ಗುರ್ ಅನ್ನುತ್ತಾ ಕೂತಿತ್ತು.

"ಪೆಟ್ಟಿಗೆ ಮಾವ, ಪೆಟ್ಟಿಗೆ ಮಾವ. ವಯರು ತರಲ್ಲ. ಸ್ಪೀಕರ್ ಬಾಯಿ ಬಿಡಲ್ಲ. ಗುಡ್ಡ ಹಾಡಲ್ಲ. ಅವ್ವನ ಜೋಗುಳ ನನಗಿಲ್ಲ. ಸದ್ದು ಕೊಡು."

ಕೊಡಲ್ಲ, ಅಂತು ಪೆಟ್ಟಿಗೆ. ನನ್ನ ಮುಂದಿನ ತೂತಿಗೆ ಯಾರೋ ಹೆಡ್‌ಫೋನ್ ಸಿಗಿಸಿದಾರೆ. ಸದ್ದೆಲ್ಲ ಅವರ ಕಿವಿಗೇ ಹೋಗ್ತೈತೆ. ತೂತು ಬಿಟ್ಟರೆ ತಾನೇ ನಿನಗೆ ಕೊಡೋದು?

ಕೊಟ್ರಿ ಸುತ್ತ ನೋಡಿದಳು. ಹೆಡ್‌ಫೋನ್ ಮೊಳೆಗೆ ನೇತಾಡುತ್ತಿತ್ತು. ಹಾಗಾದರೆ ಅವ್ವ ಯಾರಿಗೆ ಹಾಡ್ತಾ ಇದಾಳೆ? ಕೊಟ್ರಿ ತೂತಿನ ಹತ್ತಿರ ಬಗ್ಗಿದಳು.

"ತೂತವ್ವ, ತೂತವ್ವ. ಪೆಟ್ಟಿಗೆ ಕೊಡಲ್ಲ. ವಯರು ತರಲ್ಲ. ಸ್ಪೀಕರ್ ಬಾಯಿ ಬಿಡಲ್ಲ. ಗುಡ್ಡ ಹಾಡಲ್ಲ. ಅವ್ವನ ಜೋಗುಳ ನನಗಿಲ್ಲ. ಸದ್ದು ಬಿಡು."

ಬಿಡಲ್ಲ, ಅಂತು ತೂತು, ಬಾಯಿ ತುಂಬಾ ಏನೋ ಇಟ್ಟುಕೊಂಡು. ನನ್ನ ಬಾಯಲ್ಲಿರೋದು ಸೇವಂತಿಗೆ ದಂಟು. ಪೆಟ್ಟಿಗೆಗೆ ಕಣ್ಣಿಲ್ಲ. ಏನು ಸಿಗಿಸಿದರೂ ಹೆಡ್‌ಫೋನ್ ಅಂದುಕೊಳ್ಳುತ್ತೆ. ಹೂ ಎದ್ದರೆ ತಾನೇ ಬಿಡೋದು?

"ಹೂವೇ, ಹೂವೇ. ತೂತು ಬಿಡಲ್ಲ. ಪೆಟ್ಟಿಗೆ ಕೊಡಲ್ಲ. ವಯರು ತರಲ್ಲ. ಸ್ಪೀಕರ್ ಬಾಯಿ ಬಿಡಲ್ಲ. ಗುಡ್ಡ ಹಾಡಲ್ಲ. ಅವ್ವನ ಜೋಗುಳ ನನಗಿಲ್ಲ. ಏಳು."

ಏಳಲ್ಲ, ಅಂತು ಹೂ. ನಾನು ಪೂಜೆಯ ಹೂ. ಮಾರ್ತಾಂಡಪ್ಪನೂ ನನ್ನ ಮುಟ್ಟಲ್ಲ. ನಾನಾಗೇ ಬಾಡಿ ಉದುರಬೇಕು. ಇಲ್ಲ, ಇಟ್ಟ ಕೈಯೇ ತೆಗೀಬೇಕು.

"ಇಟ್ಟೋರು ಯಾರು?"

"ನೀನೇ ಅಲ್ಲವೇನೆ, ಕೊಟ್ರಿ."

ಕೊಟ್ರಿಗೆ ನೆನಪಾಯ್ತು. ಹಬ್ಬದ ದಿನ ಹೂವಿನ ಬುಟ್ಟಿ ಹಿಡಿದಿದ್ದು ಅವಳೇ. ಅವ್ವ ಹೂ ಮುಡಿಯದೆ ಹೊಸ್ತಿಲು ದಾಟೋಳಲ್ಲ. ಅವ್ವನ ದನಿ ಈ ಪೆಟ್ಟಿಗೆಯೊಳಗೆ ಐತೆ. ಹಬ್ಬದ ದಿನ ಅವ್ವನಿಗೆ ಹೂ ಬೇಡವಾ? ಪುಟ್ಟ ತೂತು ಕಂಡಿತ್ತು. ಅವ್ವನ ತುರುಬಿಗೆ ಮುಡಿಸಿದ ಹಾಗೆ ಮುಡಿಸಿದ್ದಳು.

ಎದ್ದು ಎಲ್ಲಿಗೆ ಹೋಗಲಿ, ಕಸಕ್ಕಾ, ಅಂತು ಹೂ.

"ಅವ್ವ ಬರೋ ತನಕ ನನ್ನ ಜಡೆಯಲ್ಲಿರು," ಅಂದಳು ಕೊಟ್ರಿ.

ಇಟ್ಟ ಕೈಯಿಂದಲೇ ಹಿಡಿದಳು. ಹೂ ಎದ್ದು ಜಡೆಗೆ ಬಂತು. ತೂತು ಬಿಡ್ತು. ಪೆಟ್ಟಿಗೆ ಕೊಡ್ತು. ವಯರು ತಂತು. ಸ್ಪೀಕರ್ ಬಾಯಿ ಬಿಡ್ತು. ಗುಡ್ಡ ಹಾಡ್ತು.

ಜೋ ಜೋ ಕೊಟ್ರವ್ವ, ಹೊಳೆಯೂ ಮಲಗೈತೆ ಜೋ.

ಸದ್ದಿನ ಗುಂಡಿ ಕೊನೆತನಕ ತಿರುವಿತ್ತಲ್ಲ? ಜೋಗುಳ ಪೇಟೆಯೆಲ್ಲ ತುಂಬಿತು. ಎತ್ತು ಮಲಗಿದವು. ಈರುಳ್ಳಿ ಆಟೋದವನು ಮಲಗಿದ. ಮಾರ್ತಾಂಡಪ್ಪ ಚಾ ಲೋಟ ಹಿಡಿದೇ ಮಲಗಿದ. ಲೋಟದಲ್ಲಿದ್ದ ಚಾ ಕೂಡ ಮಲಗಿ ಕೆನೆ ಹೊದ್ದುಕೊಂಡಿತು. ನನ್ನದೂ ಒಂದು ಕಣ್ಣು ಮಲಗಿತು. ಇನ್ನೊಂದು ಕಣ್ಣಲ್ಲಿ ಕಂಡದ್ದು ಹೇಳ್ತೀನಿ.

ಹಾಡು ಮುಗೀತು. ದೊಡ್ಡ ಗುಡ್ಡಗಳೆಲ್ಲ ಮುಗಿದವು. ಒಂದು ಪುಟ್ಟ ಗುಡ್ಡ ಬಂತು. ಅದು ಅವ್ವನ ಕೆಮ್ಮು. ಅದಕ್ಕಿಂತ ಪುಟ್ಟದೊಂದು ಗುಡ್ಡ ಬಂತು. ಅದು ಅವ್ವನ ಪಿಸುಮಾತು.

"ಕೊಟ್ರಿ, ಮಲಗಿದ್ಯೇನೆ?"

ಊರೆಲ್ಲ ಮಲಗಿತ್ತು. ಕೊಟ್ರಿ ಸ್ಪೀಕರಿಗೆ ಕೆನ್ನೆಯಿಟ್ಟು ಕೂತಿದ್ದಳು.

"ಇನ್ನೂ ಇಲ್ಲವ್ವ," ಅಂದಳು. "ಇನ್ನೊಂದು ಸಲ ಹಾಡು."