ಓಗೊಟ್ಟಮ್ಮನ ಬಂಡೆ

ಪೂರ್ವಕಾಲದಲ್ಲಿ, ಈ ಗಿರಿಶ್ರೇಣಿಗೆ ಇನ್ನೂ ಹೆಸರಿಲ್ಲದಿದ್ದ ಯುಗದಲ್ಲಿ, ಮರವೊಂದೂ ಬೆಳೆಯದೆ ಮುಗಿಲಂಚಿನವರೆಗೆ ತೃಣರಾಶಿಯೊಂದೇ ಹಬ್ಬಿದ್ದ ಈ ಬೋಳುಗುಡ್ಡದ ತಪ್ಪಲಲ್ಲಿ, ಗೋಸೇವೆಯನ್ನೇ ಪರಮಧರ್ಮವೆಂದು ನಂಬಿದ ಮಾಚಕ್ಕನೆಂಬ ಗೋಪಸ್ತ್ರೀಯೂ ಆಕೆಯ ಪತಿ ಬೊಪ್ಪಯ್ಯನೂ ಬಾಳುತ್ತಿದ್ದರು. ಚೈತ್ರಮಾಸದಲ್ಲಿ ಒಣಹುಲ್ಲಿಗೆ ಬೆಂಕಿಯಿಟ್ಟು ಮಳೆಗೆ ಹೊಸ ಹುಲ್ಲು ಚಿಗುರುವಂತೆ ಮಾಡುವುದು ಅವರ ಕುಲಪದ್ಧತಿ. ಬೆಂಕಿಯಿಡುವವರು ಮೊದಲು ಗುಡ್ಡದ ಈ ತುದಿಯಿಂದ ಆ ತುದಿಗೆ ನಡೆದು, ಮೇಲೆ ಹೋದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೂಗಬೇಕಿತ್ತು. ಬರಿಯ ಕೂಗಿಗೆ ಯಾರೂ ಓಗೊಡುತ್ತಿರಲಿಲ್ಲ. ನಡುಹಗಲಲ್ಲಿ ಹೆಸರಿಲ್ಲದೆ ಕರೆಯುವುದು ಗುಡ್ಡದ ಭೂತವೆಂದು ಅವರೆಲ್ಲರ ನಂಬಿಕೆ.

ಆ ವರ್ಷ ಬೆಂಕಿಯ ಸರದಿ ಮಾಚಕ್ಕನದು. ಈಯಲು ಹುಲ್ಲಿನೊಳಗೆ ಮರೆಯಾಗಿದ್ದ ಕೆಂದ ಹಸುವನ್ನು ಹುಡುಕುತ್ತ ಬೊಪ್ಪಯ್ಯ ಬೆಳಗ್ಗೆಯೇ ಗುಡ್ಡ ಹತ್ತಿದ್ದ. ಪ್ರಚಂಡ ಮಾರ್ತಾಂಡನು ನೆತ್ತಿ ಸುಡುತ್ತಿರಲು, ಬರಿಗಾಲಲ್ಲಿ ಆ ಬಯಲೆಲ್ಲ ನಡೆದ ಸಾಧ್ವಿಯು ಮೇಲೆ ಹೋದ ನೆರೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೆಳಗೆ ಕಳಿಸಿದಳು; ಗಂಡನ ಸರದಿ ಬಂದಾಗ ಮಾತ್ರ ನಾಲಿಗೆ ಏಳಲಿಲ್ಲ. ಪತಿನಾಮೋಚ್ಚಾರಣೆಯಿಂದ ಪತಿಯ ಆಯುಷ್ಯ ಕ್ಷೀಣಿಸುವುದೆಂದು ತವರಲ್ಲಿ ಕಲಿತು ಬಂದವಳು ಅವಳು. "ಮನೆಯವರೇ" ಎಂದು ಮೂರು ಸಲ ಕೂಗಿದಳು. ಉತ್ತರವಿಲ್ಲ. ಆಚೆ ಮಗ್ಗುಲಿಂದ ಇಳಿದಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಗಾಳಿಯ ದಿಕ್ಕು ನೋಡಿ ಬೆಂಕಿ ತಾಗಿಸಿದಳು.

ಜ್ವಾಲೆಯು ಎದ್ದು ಹೊರಟ ಮೇಲೆ ಹೊಗೆಯೊಳಗಿಂದ ಕೆಂದ ಹಸು ಕರುವಿನೊಡನೆ ಓಡಿ ಬಂತು. ಅದರ ಕೊರಳಲ್ಲಿ ಬೊಪ್ಪಯ್ಯ ನಿನ್ನೆಯಷ್ಟೇ ಹೊಸೆದ ಹಗ್ಗ ಜೋಲುತ್ತಿತ್ತು.

ಮಾಚಕ್ಕನ ಜೀವ ಬಾಯಿಗೆ ಬಂತು. ತನ್ನ ಕೈಯಾರೆ ಇಟ್ಟ ಬೆಂಕಿಯೊಳಗೆ ತನ್ನ ಗಂಡನಿದ್ದಾನೆ! ಇದನ್ನು ಬರೆಯುವಾಗ ಈಗಲೂ ನಮ್ಮ ಎದೆ ಝಲ್ಲೆನ್ನುತ್ತದೆ. ಹೆಸರು ಗಂಟಲವರೆಗೆ ಬಂದು ಅಲ್ಲಿಯೇ ಸಿಕ್ಕಿಕೊಂಡಿತು. ಹೇಳಿದರೆ ಆಯುಷ್ಯ ಹೋದೀತು, ಹೇಳದಿದ್ದರೆ ಹೋಗುತ್ತಲೇ ಇದೆ. ಆಗ ಗುಡ್ಡದ ಮೇಲೆ ಧೂಮಾವೃತವಾಗಿ ನಿಂತಿದ್ದ ಮಹಾಶಿಲೆಯೊಂದರ ಕಡೆಯಿಂದ ದಿವ್ಯವಾಣಿಯು ಮೊಳಗಿತು:

"ಮಗಳೇ, ಪ್ರೀತಿಯಿಂದ ಕರೆದ ಹೆಸರು ಯಾರ ಆಯುಷ್ಯವನ್ನೂ ಸವೆಸದು. ಕೂಗು. ಅವನು ಓಗೊಡದಿದ್ದರೆ ನಾನು ಓಗೊಡುತ್ತೇನೆ."

"ಬೊಪ್ಪಯ್ಯಾ!" ಎಂದು ಮಾಚಕ್ಕ ಒಡಲು ಬಿರಿಯುವಂತೆ ಕೂಗಿದಳು. ಶಿಲೆಯೇ "ಓ" ಎಂದಿತು. ಅದರ ಬುಡ ಸೀಳಿ ಚಿಮ್ಮಿದ ಶೀತಲ ಜಲಧಾರೆಯು ಸುತ್ತಲ ಹುಲ್ಲನ್ನು ತೋಯಿಸಲು, ಅಗ್ನಿಯು ಅಲ್ಲಿಯೇ ಎರಡಾಗಿ ಸೀಳಿ ಆಚೀಚೆ ಹಾದುಹೋಯಿತು. ಅವಳು ಬಿಸಿ ಬೂದಿ ತುಳಿಯುತ್ತ ಓಡಿ ಬಂದಾಗ, ಕಾಲುಳುಕಿದ್ದ ಬೊಪ್ಪಯ್ಯ ಒದ್ದೆ ನೆಲದಲ್ಲಿ ಬಂಡೆಗೆ ಒರಗಿ ಕೂತಿದ್ದ. ಅವಳು ಅವನ ಕೈ ಹಿಡಿದುಕೊಂಡಳು.

"ಮೊದ್ಲು ಕೂಗಿದ್ದೂ ಕೇಳ್ತು ಕಣೆ," ಎಂದ. "ಹೆಸರಿರ್ಲಿಲ್ಲ. ಭೂತ ಅಂದ್ಕೊಂಡು ಸುಮ್ಕಿದ್ದೆ." ಆಮೇಲೆ ಕೇಳಿದ: "ಇನ್ನೊಂದ್ಸಲ ಕರೀತೀಯಾ?"

ಅವಳು ಕರೆದಳು. ಈ ಸಲ ಓ ಎಂದವನು ಅವನೇ.

ಮುಂಭಾಗ ಕಪ್ಪಿಟ್ಟ ಆ ಬಂಡೆಯನ್ನೂ, ಬೇಸಿಗೆಯಲ್ಲೂ ಬತ್ತದ ಬುಡದ ಊಟೆಯನ್ನೂ, ಸುತ್ತಣ ಹಸಿರು ವರ್ತುಲವನ್ನೂ ಭಕ್ತರು ಇಂದಿಗೂ ಕಾಣಬಹುದು. ಚೈತ್ರ ಪೌರ್ಣಮಿಯ ಹಗಲು ಹೆಂಗಸರು ಬರಿಗಾಲಲ್ಲಿ ಗುಡ್ಡವೆಲ್ಲ ನಡೆದು ಬಂದು, ಓಗೊಟ್ಟಮ್ಮನ ಎದುರು ನಿಂತು, ವರ್ಷಕ್ಕೊಮ್ಮೆ ಗಂಡನ ಹೆಸರು ಹಿಡಿದು ಕೂಗುತ್ತಾರೆ. ಕೆಳಗೆ ಕಾದು ನಿಂತ ಗಂಡಸರು ಓಗೊಡುತ್ತಾರೆ. ಗಂಡ ತೀರಿಹೋದವರೂ ಬಂದು ಕೂಗುತ್ತಾರೆ. ಆಗ ಕೆಳಗಿನವರೆಲ್ಲ ಸುಮ್ಮನಾಗುತ್ತಾರೆ, ಬಂಡೆ ಓಗೊಡುತ್ತದೆ.