ಕಾಜಾಣ ಕದ್ದ ಕೂಗು

ಮಕ್ಕಳೇ, ನೆಟ್ಟಗೆ ಕುಳಿತು ಕೇಳಿ. ಈ ಕತೆಯಲ್ಲಿ ನಗುವಂಥದ್ದು ಹೆಚ್ಚಿಲ್ಲ.

ಒಂದು ದೊಡ್ಡ ಕಾಡು. ಅಲ್ಲಿಯ ಪ್ರಜೆಗಳೆಲ್ಲ ತಿರುಗಿಬಿದ್ದು ರಾಜನಾಗಿದ್ದ ಹುಲಿಯನ್ನು ಹೊಳೆಯಾಚೆಗೆ ಓಡಿಸಿದ್ದರು. ಹೊಸ ರಾಜನನ್ನು ಆರಿಸುವ ತನಕ ಆಡಳಿತ ದೊಡ್ಡವ್ವನೆಂಬ ಹಿರಿಯ ಹೆಣ್ಣಾನೆಯ ಪಾಲಿಗೆ ಬಂತು. "ನನ್ನ ಕಾಲದಲ್ಲಿ ಯಾರ ನಂಬಿಕೆಗೂ ಕುಂದು ಬರೋದಿಲ್ಲ" ಎಂದು ಅವಳು ಎಲ್ಲರೆದುರು ಮಾತು ಕೊಟ್ಟಳು.

ಆ ಕಾಡಿನ ಹೆಚ್ಚಿನವರು ಕೊಳದ ದಡದ ಕರಿಬಂಡೆಗೆ ತಲೆಬಾಗುವವರು. ಮಂಗಟ್ಟೆ ಹಕ್ಕಿಗಳು ಕೆಲವೇ ಇದ್ದವು. ಅವುಗಳ ಪದ್ಧತಿ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ತಾಯಿಹಕ್ಕಿ ಮರದ ಪೊಟರೆ ಹೊಕ್ಕು, ಅದರ ಬಾಯಿಗೆ ಮಣ್ಣು ಮೆತ್ತಿ, ಕೊಕ್ಕು ಹಿಡಿಸುವಷ್ಟೇ ಸಂದು ಬಿಟ್ಟು ವ್ರತಕ್ಕೆ ಕೂರುತ್ತಿತ್ತು. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತಿದ್ದವು, ಹಾರಲು ಆಗುತ್ತಿರಲಿಲ್ಲ. ಮರಿಗಳು ಬಲಿಯುವ ತನಕ ಆ ಮಣ್ಣನ್ನು ಯಾರೂ ಮುಟ್ಟಬಾರದು. ಅದು ಅವುಗಳ ಧರ್ಮ.

ಆ ವರ್ಷ ಕೆಂಚಿ ಎಂಬ ಮಂಗಟ್ಟೆ ಎರಡು ಮರಿಗಳೊಂದಿಗೆ ವ್ರತದಲ್ಲಿದ್ದಳು. ಒಂದು ಬೆಳಿಗ್ಗೆ ಗಂಡ ಕೊಂಬಣ್ಣ ಹಣ್ಣು ತಂದಾಗ ಎರಡು ಉಡಗಳು ಪೊಟರೆಯ ಮಣ್ಣು ಕೆರೆಯುತ್ತಿದ್ದವು.

"ಏಯ್! ಏನ್ ಮಾಡ್ತಿದ್ದೀರಿ?"

"ಹುಲಿರಾಯನ ಕಾಲದಲ್ಲಿ ಮೆರೆದಿರಲ್ಲ, ಈಗ ನಮ್ಮ ಸರದಿ" ಎಂದು ದೊಡ್ಡ ಉಡ ಹಲ್ಲು ಕಿರಿಯಿತು.

"ಹುಲಿ ನನ್ನ ಅಣ್ಣನನ್ನೇ ತಿಂದಿದ್ದ ಕಣಯ್ಯಾ!"

"ಅದೆಲ್ಲ ನಮಗೆ ಬೇಡ. ಮಧ್ಯಾಹ್ನ ನಮ್ಮವರನ್ನೆಲ್ಲ ಕರ್ಕೊಂಡು ಬರ್ತೀವಿ. ಕಾದಿರು."

ಉಡಗಳು ಇಳಿದು ಹೋದವು. ಕೊಂಬಣ್ಣ ಗೋಳಾಡುತ್ತ ದೊಡ್ಡವ್ವನನ್ನು ಹುಡುಕಿ ಹೊರಟ.

ಪಕ್ಕದ ಮರದ ಕಾಜಾಣ ಇದನ್ನೆಲ್ಲ ನೋಡಿತ್ತು. ಯಾರ ದನಿಯನ್ನಾದರೂ ಹಾಗೇ ತೆಗೆಯಬಲ್ಲ ಹಕ್ಕಿ ಅದು. ತುದಿಕೊಂಬೆಗೆ ಹಾರಿ, ಥೇಟ್ ಮಂಗಟ್ಟೆಯ ದನಿಯಲ್ಲಿ ಕೂಗಿತು: "ಅಯ್ಯೋ! ನಲವತ್ತು ಪೊಟರೆ ಒಡೆದರು! ನೂರು ಮರಿ ತಿಂದರು!"

ನಿಮ್ಮ ಮನೆಯ ಮೊಬೈಲುಗಳಲ್ಲಿ ಸುದ್ದಿ ಓಡುವ ಹಾಗೆ ಆ ಕೂಗು ಮರದಿಂದ ಮರಕ್ಕೆ ಓಡಿತು. ದಾಟಿಸಿದವರಲ್ಲಿ ಒಬ್ಬರಾದರೂ ಕಣ್ಣಾರೆ ನೋಡಿರಲಿಲ್ಲ. ಪ್ರಾಣಿಗಳು ದಿಕ್ಕುಗೆಟ್ಟು ಓಡಿದವು. ಅವುಗಳ ಕಾಲಡಿಯ ಹುಲ್ಲಿನಿಂದ ಹುಳುಗಳು ಎದ್ದವು. ಕಾಜಾಣ ಹೊಟ್ಟೆತುಂಬ ತಿಂದಿತು.

ದೊಡ್ಡವ್ವ ವಿಚಾರಣೆಗೆ ಹೊರಟಳು. ಏಳು ಮರ ನೋಡಿದಳು. ಏಳೂ ಪೊಟರೆಗಳು ಸರಿಯಾಗಿದ್ದವು. "ಎಲ್ಲ ಬರೀ ಸುಳ್ಳು!" ಎಂದು ಕಾಲು ಅಪ್ಪಳಿಸಿ ಹಿಂದಿರುಗುವಾಗ ಕೊಂಬಣ್ಣ ಎದುರಾದ.

"ದೊಡ್ಡವ್ವ, ನಮ್ಮ ಪೊಟರೆ ಕೆರೆದಿದ್ದಾರೆ. ಮಧ್ಯಾಹ್ನ ಮತ್ತೆ ಬರ್ತಾರಂತೆ."

"ಆಗ ನಲವತ್ತು ಅಂದಿರಿ, ಈಗ ಒಂದಾಯ್ತಾ?"

"ನಲವತ್ತು ಅಂದಿದ್ದು ನಾನಲ್ಲ ತಾಯಿ, ಕಾಜಾಣ. ನಮ್ಮ ದನಿ ತೆಗೆದು ಅದು ಕೂಗೋದನ್ನ ದಾರಿಯಲ್ಲಿ ನಾನೇ ಕಂಡೆ. ಒಂದು ಸಲ ಬಂದು ನೋಡಿ. ನಮ್ಮ ಮರ ಇಲ್ಲೇ, ಆ ತಿರುವಿನಲ್ಲಿ."

"ಸಾಕು. ಮಂಗಟ್ಟೆಗಳ ದೂರು ಇನ್ನು ನನ್ನ ಹತ್ತಿರ ಬರಕೂಡದು."

ಕೊಂಬಣ್ಣ ಕಾಜಾಣದ ಬಳಿ ಓಡಿದ. "ನೀನಾದರೂ ಹೋಗಿ ನಿಜ ಹೇಳು. ನಡೆದದ್ದು ಒಂದೇ ಕಡೆ ಅಂತ ಹೇಳು."

"ಒಂದು ಪೊಟರೆ ಅಂದ್ರೆ ಯಾರು ಓಡ್ತಾರೆ ಸ್ವಾಮಿ?" ಎಂದು ಕಾಜಾಣ ಕೊಕ್ಕು ಒರೆಸಿಕೊಂಡಿತು.

ಮಧ್ಯಾಹ್ನ ಉಡಗಳು ಬಂದವು. ಐದು. ಕೊಂಬಣ್ಣ ಕುಕ್ಕಿದ, ಬಡಿದ. ಕೆಂಚಿ ಸಂದಿನಿಂದ ಕೊಕ್ಕು ಚಾಚಿ ತಿವಿದಳು, ಗಂಟಲು ಹರಿಯುವಂತೆ ಕೂಗಿದಳು. ಆ ಕೂಗು ದೊಡ್ಡವ್ವನಿಗೂ ಕೇಳಿಸಿತು. "ಶುರು ಮಾಡ್ತು ಮತ್ತೆ ಕಾಜಾಣ" ಎಂದು ಅವಳು ಕಿವಿ ಬೀಸಿಕೊಂಡಳು.

ಉಡಗಳು ಒಂದು ಮರಿಯನ್ನು ಕಚ್ಚಿಕೊಂಡು ಹೋದವು.

ಸಂಜೆ ನೀರಿಗೆ ಹೊರಟ ದೊಡ್ಡವ್ವ ತಿರುವಿನಲ್ಲಿ ನಿಂತುಬಿಟ್ಟಳು. ಮರದಡಿಯಲ್ಲಿ ಒಡೆದ ಮಣ್ಣು, ರಕ್ತ, ಎಳೆಯ ಗರಿ.

"ಕಾಜಾಣ ಸುಳ್ಳು ಹೇಳದಿದ್ದರೆ ನಾನು ಬರ್ತಿದ್ದೆ ಕಣಪ್ಪ" ಎಂದಳು ಮೆಲ್ಲಗೆ.

"ಏಳು ಮರ ನೋಡಿದಿರಿ. ನಮ್ಮದು ಎಂಟನೆಯದು" ಎಂದ ಕೊಂಬಣ್ಣ.

ಅಷ್ಟರಲ್ಲಿ ಕಾಜಾಣ ಹಾರಿ ಬಂದು ಕೂತಿತು. "ನೋಡಿದಿರಾ? ನಾನು ಆಗಲೇ ಹೇಳಿರಲಿಲ್ವಾ?"

"ಬಾಯ್ಮುಚ್ಚು!" ಕೊಂಬಣ್ಣ ಅದರತ್ತ ತಿರುಗಿದ. "ನನ್ನ ಅಳುವನ್ನು ಕದ್ದು ಹೊಟ್ಟೆ ಹೊರೆದುಕೊಂಡೆ. ನಾನು ನಿಜವಾಗಿ ಅತ್ತಾಗ ಅದನ್ನು ಯಾರೂ ನಂಬದ ಹಾಗೆ ಮಾಡಿದೆ."

ದೊಡ್ಡವ್ವ ಕಾಜಾಣವನ್ನೂ ಉಡಗಳನ್ನೂ ಕಾಡಿನಾಚೆಗೆ ಅಟ್ಟಿಸಿದಳು. ಬಳಿಕ ಮರದ ಬಳಿ ಬಂದು, "ಕೆಂಚೀ, ನಿನ್ನ ಮೇಲೆ ಕರುಣೆ ಬಂದಿದೆಯಮ್ಮ. ಇನ್ನು ನಾನೇ ಇಲ್ಲಿ ಕಾವಲು ನಿಲ್ತೀನಿ" ಎಂದಳು.

ಒಳಗೆ ಉಳಿದ ಒಂದು ಮರಿಯನ್ನು ಮೈಗೊತ್ತಿಕೊಂಡು ಕೆಂಚಿ ಹೊಸ ಮಣ್ಣು ಮೆತ್ತುತ್ತಿದ್ದಳು. ಕೆಲಸ ನಿಲ್ಲಿಸದೆ ಹೇಳಿದಳು: "ಕರುಣೆ ನಿಮ್ಮ ಹತ್ತಿರವೇ ಇರಲಿ ದೊಡ್ಡವ್ವ. ಕಾಯುವುದು ನಿಮ್ಮ ಕೆಲಸ. ನಿಲ್ಲಿ."

ದೊಡ್ಡವ್ವ ನಿಂತಳು.

ನೀತಿ: ನೊಂದವರ ಹೆಸರಿನಲ್ಲಿ ಸುಳ್ಳು ಹಬ್ಬಿಸುವವನು ಅವರ ನಿಜದ ಬಾಯಿ ಮುಚ್ಚಿಸುತ್ತಾನೆ; ಆ ಸುಳ್ಳನ್ನೇ ನೆಪ ಮಾಡಿಕೊಂಡು ನಿಜವನ್ನು ನೋಡಲು ಹೋಗದ ಅಧಿಕಾರಿಯೂ ಅಷ್ಟೇ ಅಪರಾಧಿ.